ಬ್ಯಾಟರಿಯ ಆರೈಕೆ: ಖರ್ಚೆಷ್ಟು, ಲಾಭವೆಷ್ಟು?

ನನ್ನ ಅಜ್ಜನ ಮನೆಯಲ್ಲಿ ಒಂದು ಎತ್ತಿನ ಬಂಡಿಯಿತ್ತು. ಆ ಬಂಡಿಯ ಅಡಿಯಲ್ಲಿ ಒಂದು ಬಿದಿರಿನ ಕೊಳವೆ ಸದಾ ತೂಗಾಡುತ್ತಿತ್ತು. ಅದರೊಳಗೆ ಕರಿಯ ಕೀಲೆಣ್ಣೆ. ಎಣ್ಣೆಯಲ್ಲಿ ಅದ್ದಿಟ್ಟ ಒಂದು ಕಡ್ಡಿ. ದೂರದ ಸಂತೆಗೆ ಹೊರಡುವ ಮುನ್ನ ಅಜ್ಜ ಗಾಲಿಯನ್ನು ಸ್ವಲ್ಪ ಹೊರಕ್ಕೆಳೆದು ಅಚ್ಚಿಗೆ ಆ ಎಣ್ಣೆಯನ್ನು ಬಳಿಯದೆ ಎತ್ತುಗಳಿಗೆ ನೊಗ ಹೂಡುತ್ತಿರಲಿಲ್ಲ. "ಗಾಲಿ ಕೂಗುವುದಿಲ್ಲವಲ್ಲ, ಈಗೇಕೆ ಎಣ್ಣೆ?" ಎಂದು ನಾನು ಕೇಳಿದರೆ, "ಕೂಗಿದ ಮೇಲೆ ಹಚ್ಚಿದರೆ ಅಚ್ಚು ಸವೆದಿರುತ್ತದೆ, ಮಗೂ" ಎನ್ನುತ್ತಿದ್ದ. ಅಂದು ಆ ಮಾತಿನ ಬೆಲೆ ನನಗೆ ತಿಳಿದಿರಲಿಲ್ಲ. ಅದನ್ನು ನನಗೆ ಮತ್ತೆ ನೆನಪಿಸಿದುದು ಈ ಮುಂಬಯಿ ನಗರದ ಒಂದು ಹೈಬ್ರಿಡ್ ಕಾರು.

ನಮ್ಮ ಶಾಲೆಯ ವಿದ್ಯಾರ್ಥಿನಿಯೊಬ್ಬಳ ತಂದೆ ವಿಜಯಪುರದ ಕಡೆಯಿಂದ ಬಂದವರು. ಹಲವು ವರ್ಷ ಪರರ ಕಾರು ಓಡಿಸಿ, ಕೂಡಿಟ್ಟ ಹಣದಿಂದ ಹಳೆಯ ಹೈಬ್ರಿಡ್ ಕಾರೊಂದನ್ನು ಕೊಂಡು ಬಾಡಿಗೆಗೆ ಓಡಿಸುತ್ತಿದ್ದಾರೆ. ಪೆಟ್ರೋಲಿನ ಉಳಿತಾಯವೇ ಆ ಸಂಸಾರದ ಲಾಭ. ಒಂದು ಮೇ ತಿಂಗಳ ನಡುಹಗಲಿನಲ್ಲಿ, ಪುಣೆಯಿಂದ ಹಿಂದಿರುಗುವಾಗ ಘಟ್ಟದ ಬಳಿ ಅವರ ಕಾರಿನ ಎಚ್ಚರಿಕೆಯ ದೀಪ ಹೊತ್ತಿಕೊಂಡಿತು. ಪ್ರಯಾಣಿಕರನ್ನು ಬೇರೆ ಕಾರಿಗೆ ಹತ್ತಿಸಿ, ತಮ್ಮ ಕಾರನ್ನು ಎಳೆಸಿಕೊಂಡು ಬರಬೇಕಾಯಿತು. ಕುಶಲಕರ್ಮಿಯು ಹಿಂದಿನ ಆಸನದ ಬದಿಯನ್ನು ಬಿಚ್ಚಿ ನೋಡಿದಾಗ ಕಂಡುದೇನು? ಬ್ಯಾಟರಿಗೆ ಗಾಳಿ ಹೋಗುವ ಕಿಂಡಿಯ ಅರ್ಧಭಾಗವನ್ನು, ಅಂದಕ್ಕೆಂದು ಹೊಲಿಸಿದ್ದ ಆಸನದ ಹೊದಿಕೆ ಮುಚ್ಚಿತ್ತು. ಉಳಿದರ್ಧವನ್ನು ಹತ್ತಿಯ ನವಿರು, ಧೂಳು, ಕೂದಲು ಸೇರಿ ಕಂಬಳಿಯಂತೆ ಮುಚ್ಚಿದ್ದುವು. ಒಳಗಿನ ಕೋಶಗಳು ಕಾದು ಕಾದು ಸೋತಿದ್ದುವು. ಕಂಪನಿಯ ಖಾತರಿಯ ಅವಧಿಯೂ ಎಂದೋ ಮುಗಿದಿತ್ತು. ಮಗಳ ಕಾಲೇಜಿಗೆಂದು ತೆಗೆದಿಟ್ಟಿದ್ದ ಹಣ ಬ್ಯಾಟರಿಗೆ ಹೋಯಿತು.

ಶಾಲೆ ತೆರೆದ ವಾರದಲ್ಲಿ ಆ ಹುಡುಗಿ ನನ್ನನ್ನು ಕೇಳಿದಳು: "ಸರ್, ಬ್ಯಾಟರಿಗೂ ಉಸಿರಾಟ ಬೇಕೆ?"

ನಾನು ಕನ್ನಡವನ್ನು ಕಲಿಸುವವನು, ವಿಜ್ಞಾನದ ಅಧ್ಯಾಪಕನಲ್ಲ. ಆದರೂ ಪ್ರಶ್ನೆ ಕನ್ನಡದಲ್ಲಿ ಬಂದಿತ್ತು; ಉತ್ತರವೂ ಕನ್ನಡದಲ್ಲಿ ದೊರೆಯಬೇಕೆಂದು ನನಗೆ ತೋರಿತು. ಓದಿ, ತಿಳಿದವರಲ್ಲಿ ಕೇಳಿ, ಅರಿತಷ್ಟನ್ನು ಇಲ್ಲಿ ಬರೆದಿದ್ದೇನೆ. ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿಯ ಮನೆಯ ಒಲೆ ಉರಿಯುವುದು ಚಾಲಕವೃತ್ತಿಯಿಂದ. ಆದುದರಿಂದ ಈ ವಿಷಯವು ನಿಮಗೆ ಪರಕೀಯವೆನಿಸಲಾರದು.

ಹೈಬ್ರಿಡ್ ಎಂದರೇನು?

"ಹೈಬ್ರಿಡ್" ಎಂಬ ಮಾತು ನಮ್ಮ ಹಿರಿಯರಿಗೆ ಹೊಸದಲ್ಲ. 1960ರ ದಶಕದಲ್ಲಿ ಉತ್ತರ ಕರ್ನಾಟಕದ ಹೊಲಗಳಿಗೆ ಹೈಬ್ರಿಡ್ ಜೋಳ ಬಂದಿತು. ಎರಡು ತಳಿಗಳ ಗುಣಗಳನ್ನು ಒಂದೇ ಬೀಜದಲ್ಲಿ ಕೂಡಿಸಿದುದು ಅದು. ಹೈಬ್ರಿಡ್ ಕಾರಿನಲ್ಲಿಯೂ ಅಂಥದೇ ಕೂಟವಿದೆ. ಪೆಟ್ರೋಲಿನಿಂದ ನಡೆಯುವ ಎಂಜಿನು ಒಂದು, ವಿದ್ಯುತ್ತಿನಿಂದ ತಿರುಗುವ ಮೋಟಾರು ಇನ್ನೊಂದು. ಎರಡೂ ಸೇರಿ ಒಂದೇ ಬಂಡಿಯನ್ನು ಎಳೆಯುತ್ತವೆ. ಜೋಡೆತ್ತುಗಳಲ್ಲಿ ಒಂದು ಏರಿನಲ್ಲಿ ಬಲವಾದರೆ ಮತ್ತೊಂದು ಸಮನೆಲದಲ್ಲಿ ಚುರುಕಾಗುವಂತೆ, ಇವೆರಡೂ ಸಮಯವರಿತು ಕೆಲಸವನ್ನು ಹಂಚಿಕೊಳ್ಳುತ್ತವೆ.

ಈ ಕಲ್ಪನೆ ಬಹಳ ಹಳೆಯದು. 1900ರಲ್ಲಿಯೇ ಫರ್ಡಿನಾಂಡ್ ಪೋರ್ಷೆ ಎಂಬ ತಂತ್ರಜ್ಞನು ಪೆಟ್ರೋಲ್ ಎಂಜಿನು ಮತ್ತು ಬ್ಯಾಟರಿ ಎರಡನ್ನೂ ಹೊಂದಿದ ಗಾಡಿಯೊಂದನ್ನು ನಿರ್ಮಿಸಿ, ಅದಕ್ಕೆ "ಸೆಂಪರ್ ವೀವಸ್", ಅಂದರೆ ಲ್ಯಾಟಿನ್ ಭಾಷೆಯಲ್ಲಿ "ಸದಾ ಜೀವಂತ" ಎಂದು ಹೆಸರಿಟ್ಟನು. ಆದರೆ ಸಾಮಾನ್ಯ ಜನರು ಕೊಳ್ಳುವಂತೆ ಬೃಹತ್ ಪ್ರಮಾಣದಲ್ಲಿ ತಯಾರಾದ ಮೊದಲ ಹೈಬ್ರಿಡ್ ಕಾರೆಂದರೆ ಜಪಾನಿನ ಟೊಯೋಟಾ ಸಂಸ್ಥೆಯ "ಪ್ರಿಯಸ್". ಅದು 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದಿತು, ಭಾರತಕ್ಕೆ 2010ರಲ್ಲಿ. ಇಂದು ಹೈಬ್ರಿಡ್ ಕಾರುಗಳು ನಮ್ಮ ನಾಡಿನಲ್ಲಿಯೇ ತಯಾರಾಗುತ್ತಿವೆ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಾದಿಯಲ್ಲಿ, ತಟ್ಟೆ ಇಡ್ಲಿಗೆ ಹೆಸರಾದ ಬಿಡದಿಯ ಕಾರ್ಖಾನೆಯಲ್ಲಿ 2013ರಿಂದ ಕ್ಯಾಮ್ರಿ ಹೈಬ್ರಿಡ್ ಕಾರನ್ನು ಜೋಡಿಸತೊಡಗಿದರು. 2022ರಲ್ಲಿ ಪ್ರಕಟವಾದ ಇನ್ನೋವಾ ಹೈಕ್ರಾಸ್ ಕೂಡ ಬಿಡದಿಯದೇ. ಮುಂಬಯಿಯ ವಿಮಾನನಿಲ್ದಾಣದ ಮುಂದೆ ಅಂಥ ಕಾರೊಂದನ್ನು ಕಂಡರೆ, ಅದೂ ನಮ್ಮಂತೆಯೇ ಕನ್ನಡನಾಡಿನಿಂದ ದುಡಿಮೆಗೆಂದು ಬಂದುದೆಂದು ತಿಳಿಯಿರಿ.

ಈ ಕಾರು ಪೆಟ್ರೋಲನ್ನು ಉಳಿಸುವುದು ಹೇಗೆ? ಸಾಮಾನ್ಯ ಕಾರಿನಲ್ಲಿ ಬ್ರೇಕನ್ನು ಒತ್ತಿದರೆ ಓಟದ ಶಕ್ತಿಯೆಲ್ಲ ತಿಕ್ಕಾಟದಿಂದ ಶಾಖವಾಗಿ ಗಾಳಿಯಲ್ಲಿ ಕರಗಿಹೋಗುತ್ತದೆ. ಪ್ರತಿ ಸಿಗ್ನಲ್ಲಿನಲ್ಲಿಯೂ ಪೆಟ್ರೋಲನ್ನು ಬಿಸಿಗಾಳಿ ಮಾಡಿ ಚೆಲ್ಲಿದಂತೆ ಅದು. ಹೈಬ್ರಿಡ್ ಕಾರಿನಲ್ಲಿ ಬ್ರೇಕು ಒತ್ತಿದಾಗ ಚಕ್ರಗಳೇ ಮೋಟಾರನ್ನು ತಿರುಗಿಸುತ್ತವೆ. ಹಾಗೆ ತಿರುಗಿದ ಮೋಟಾರು ವಿದ್ಯುತ್ತನ್ನು ಹುಟ್ಟಿಸುತ್ತದೆ. ಆ ವಿದ್ಯುತ್ತು ಬ್ಯಾಟರಿಯನ್ನು ಸೇರುತ್ತದೆ. ಮರುಕ್ಷಣ ಕಾರು ಹೊರಡುವಾಗ ಅದೇ ಶಕ್ತಿ ನೆರವಿಗೆ ಬರುತ್ತದೆ. ಹೆಜ್ಜೆಹೆಜ್ಜೆಗೂ ನಿಂತು ಹೊರಡುವ ನಮ್ಮ ನಗರದ ರಸ್ತೆಗಳಲ್ಲಿ ಈ ಉಳಿತಾಯ ಹೆಚ್ಚು. ಈ ಶಕ್ತಿಯನ್ನು ಕೂಡಿಡುವ ಕಣಜವೇ ಬ್ಯಾಟರಿ. ಕಣಜ ಕೆಟ್ಟರೆ ಸುಗ್ಗಿಯಿಂದೇನು ಫಲ?

ಕಣಜದ ಒಳಗೆ

ಹಲವರ ಮನೆಯಲ್ಲಿ ಇನ್ವರ್ಟರಿಗೆ ಜೋಡಿಸಿದ ಸೀಸದ ಬ್ಯಾಟರಿಯಿರುತ್ತದೆ. ಅದಕ್ಕೆ ಆಗಾಗ ಬಟ್ಟಿ ಇಳಿಸಿದ ನೀರನ್ನು ಹಾಕುವುದನ್ನು ನೀವು ಕಂಡಿರಬಹುದು. ಹೈಬ್ರಿಡ್ ಕಾರಿನ ದೊಡ್ಡ ಬ್ಯಾಟರಿ ಅಂಥದಲ್ಲ. ಹೈಕ್ರಾಸ್, ಹಳೆಯ ಪ್ರಿಯಸ್ ಮೊದಲಾದುವುಗಳಲ್ಲಿ ನಿಕ್ಕಲ್ ಲೋಹದ ಸಂಯುಕ್ತವೂ ಜಲಜನಕವನ್ನು ಹೀರಿಕೊಳ್ಳಬಲ್ಲ ಒಂದು ಮಿಶ್ರಲೋಹವೂ ಎರಡು ಧ್ರುವಗಳಾಗಿರುತ್ತವೆ; ನಡುವೆ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಕ್ಷಾರದ್ರವ. ಇದನ್ನು ನಿಕ್ಕಲ್-ಮೆಟಲ್ ಹೈಡ್ರೈಡ್ ಬ್ಯಾಟರಿ ಎನ್ನುತ್ತಾರೆ. ಇನ್ನು ಕೆಲವು ಕಾರುಗಳಲ್ಲಿ, ನಿಮ್ಮ ಮನೆಯ ದೂರವಾಣಿಯಲ್ಲಿರುವಂತೆ, ಲಿಥಿಯಂ-ಅಯಾನ್ ಬ್ಯಾಟರಿಯಿರುತ್ತದೆ. ಎರಡೂ ಬಗೆಯವು ಭದ್ರವಾಗಿ ಮುಚ್ಚಲ್ಪಟ್ಟವು. ಅವುಗಳಿಗೆ ನೀರು ಹಾಕುವಂತಿಲ್ಲ, ಮುಚ್ಚಳ ತೆರೆಯುವಂತಿಲ್ಲ.

ಈಗ ಒಂದು ಸಣ್ಣ ಲೆಕ್ಕವನ್ನು ಮಾಡೋಣ. 2003ರಲ್ಲಿ ಬಂದ ಎರಡನೆಯ ಪೀಳಿಗೆಯ ಪ್ರಿಯಸ್ ಕಾರನ್ನು ತೆಗೆದುಕೊಳ್ಳಿ. ಅದರ ಒಂದೊಂದು ಕೋಶವು ಕೊಡುವುದು 1.2 ವೋಲ್ಟು ಮಾತ್ರ. ಅಂಥ 6 ಕೋಶಗಳು ಸೇರಿ ಒಂದು ಕಟ್ಟು. 28 ಕಟ್ಟುಗಳು ಸೇರಿ ಒಂದು ಬ್ಯಾಟರಿ. ಒಟ್ಟು ಕೋಶಗಳು 168. ಇವನ್ನೆಲ್ಲ ಒಂದರ ಹಿಂದೊಂದರಂತೆ ಸಾಲಾಗಿ ಜೋಡಿಸಿರುವುದರಿಂದ ಒಟ್ಟು 201.6 ವೋಲ್ಟು. ಇಷ್ಟು ದೊಡ್ಡ ಏರ್ಪಾಡಿನಲ್ಲಿ ಹಿಡಿಯುವ ವಿದ್ಯುತ್ತೆಷ್ಟು? ಸುಮಾರು 1.3 ಯೂನಿಟ್ಟು. ನಿಮ್ಮ ಮನೆಗೆ ತಿಂಗಳಿಗೊಮ್ಮೆ ಬರುವ ಬಿಲ್ಲಿನಲ್ಲಿ ಎಷ್ಟು ಯೂನಿಟ್ಟು ಬರೆದಿರುತ್ತದೆಂದು ನೋಡಿದರೆ ಇದು ಎಷ್ಟು ಅಲ್ಪವೆಂದು ತಿಳಿಯುವುದು. ಆದರೆ ಈ ಅಲ್ಪವೇ ದಿನಕ್ಕೆ ನೂರಾರು ಸಲ ತುಂಬುತ್ತ, ಬರಿದಾಗುತ್ತ ಕೆಲಸಮಾಡುತ್ತದೆ.

ಹಾಗೆ ದುಡಿಯುವ ಬ್ಯಾಟರಿ ಬೇಗನೆ ಸಾಯುವುದಿಲ್ಲವೇಕೆ? ಕಾರಿನಲ್ಲಿರುವ ಗಣಕಯಂತ್ರವು ಅದನ್ನು ಎಂದೂ ಪೂರ್ತಿ ತುಂಬಗೊಡುವುದಿಲ್ಲ, ಪೂರ್ತಿ ಬರಿದಾಗಗೊಡುವುದಿಲ್ಲ. ನೂರರಲ್ಲಿ ಸುಮಾರು 40ರಿಂದ 80 ಭಾಗದ ಒಳಗೆಯೇ ಅದನ್ನು ಇರಿಸುತ್ತದೆ. ಕಂಠಪೂರ್ತಿ ಉಣ್ಣುವುದೂ ಹೊಟ್ಟೆ ಬೆನ್ನಿಗೆ ಹತ್ತುವಂತೆ ಉಪವಾಸ ಮಾಡುವುದೂ ಎರಡೂ ದೇಹಕ್ಕೆ ಕೇಡಲ್ಲವೆ? ಹಿತಮಿತವಾದ ಊಟದಿಂದಲೇ ಈ ಬ್ಯಾಟರಿಗೂ ಆಯುಸ್ಸು.

ಬ್ಯಾಟರಿಯ ಶತ್ರು ಯಾರು?

ಊಟದ ವಿಷಯವನ್ನು ಗಣಕಯಂತ್ರವು ನೋಡಿಕೊಳ್ಳುತ್ತದೆ. ಆದರೆ ಶಾಖದ ವಿಷಯದಲ್ಲಿ ಅದಕ್ಕೆ ನಮ್ಮ ಸಹಾಯ ಬೇಕು.

ಬ್ಯಾಟರಿ ತುಂಬುವಾಗಲೂ ಬರಿದಾಗುವಾಗಲೂ ಬಿಸಿಯಾಗುತ್ತದೆ. ಉಷ್ಣತೆ ಏರಿದಂತೆ ರಾಸಾಯನಿಕ ಕ್ರಿಯೆಗಳ ವೇಗ ಏರುವುದನ್ನು ಸ್ವೀಡನ್ ದೇಶದ ವಿಜ್ಞಾನಿ ಅರ್ಹೇನಿಯಸ್ 1889ರಲ್ಲಿಯೇ ಸೂತ್ರರೂಪವಾಗಿ ವಿವರಿಸಿದನು. ಸ್ಥೂಲವಾಗಿ ಹೇಳುವುದಾದರೆ, ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಅನೇಕ ಕ್ರಿಯೆಗಳ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಬ್ಯಾಟರಿಯನ್ನು ಸವೆಸುವ ಕ್ರಿಯೆಗಳೂ ಹಾಗೆಯೇ. ಬಹಳ ಕಾದ ಕೋಶದಲ್ಲಿ ಒತ್ತಡ ಹೆಚ್ಚುತ್ತದೆ. ಒಳಗಿನ ತೇವ ಕಾಲಕ್ರಮದಲ್ಲಿ ಕಡಿಮೆಯಾಗುತ್ತದೆ. ವಿದ್ಯುತ್ತಿನ ಹರಿವಿಗೆ ತಡೆ ಹೆಚ್ಚುತ್ತದೆ. ತಡೆ ಹೆಚ್ಚಿದರೆ ಶಾಖ ಮತ್ತೂ ಹೆಚ್ಚು. ಶಾಖ ಹೆಚ್ಚಿದರೆ ತಡೆ ಮತ್ತೂ ಹೆಚ್ಚು. ಸಾಲಕ್ಕೆ ಬಡ್ಡಿ, ಬಡ್ಡಿಗೆ ಚಕ್ರಬಡ್ಡಿ ಬೆಳೆದಂತೆ ಈ ಕೇಡು ಬೆಳೆಯುತ್ತದೆ.

ಅಲ್ಲದೆ ಎಲ್ಲ ಕೋಶಗಳೂ ಸಮನಾಗಿ ಕಾಯುವುದಿಲ್ಲ. ಅಂಚಿನಲ್ಲಿರುವುವಕ್ಕೆ ತಂಪು ಸುಲಭ. ಇಕ್ಕಟ್ಟಿನ ನಡುವೆ ಇರುವುವಕ್ಕೆ ಬೇಗೆ ಹೆಚ್ಚು. ನಡುವಿನವು ಮೊದಲು ದಣಿಯುತ್ತವೆ. ಒಂದೆರಡು ದಣಿದರೇನಾಯಿತು, ಉಳಿದ 166 ಇಲ್ಲವೆ ಎಂದು ನೀವು ಕೇಳಬಹುದು. ಇದಕ್ಕೆ ಚಾಳಿನಲ್ಲಿ ಬೆಳೆದ ಮಕ್ಕಳು ಬಲ್ಲ ಒಂದು ದೃಷ್ಟಾಂತವನ್ನು ಕೊಡುತ್ತೇನೆ. ನಲ್ಲಿ ನಿಂತ ದಿನ ನೀರಿನ ಟ್ಯಾಂಕರು ಬಂದಾಗ ಅಂಗಳದಿಂದ ಮೂರನೆಯ ಮಾಳಿಗೆಯವರೆಗೂ ಮೆಟ್ಟಿಲುಗಳ ಮೇಲೆ ಸಾಲಾಗಿ ನಿಂತು, ಕೈಯಿಂದ ಕೈಗೆ ಕೊಡಗಳನ್ನು ದಾಟಿಸುವುದುಂಟು. ಆ ಸಾಲಿನಲ್ಲಿ ಇಪ್ಪತ್ತು ಮಂದಿ ಗಟ್ಟಿಗರಿದ್ದು, ನಡುವೆ ಜ್ವರದಿಂದೆದ್ದ ಒಬ್ಬ ಹುಡುಗನಿದ್ದರೆ ನೀರು ಮೇಲೇರುವುದು ಯಾರ ವೇಗದಲ್ಲಿ? ಆ ಹುಡುಗನ ವೇಗದಲ್ಲಿಯೇ. ಸಾಲುಜೋಡಣೆಯ ಬ್ಯಾಟರಿಯೂ ಅದರಂತೆಯೇ. ಒಂದೇ ವಿದ್ಯುತ್ಪ್ರವಾಹವು ಎಲ್ಲ ಕೋಶಗಳನ್ನೂ ಹಾದು ಹೋಗಬೇಕಾದುದರಿಂದ, ಸೋತ ಕೋಶವು ಇಡೀ ಸಾಲನ್ನು ಸೋಲಿಸುತ್ತದೆ.

ಈ ಕಾರಣಕ್ಕಾಗಿ ಬ್ಯಾಟರಿಗೆ ಒಂದು ಫ್ಯಾನನ್ನು ಇಟ್ಟಿರುತ್ತಾರೆ. ಅದು ಕಾರಿನ ಒಳಗಿನ ಗಾಳಿಯನ್ನು ಒಂದು ಕಿಂಡಿಯ ಮೂಲಕ ಎಳೆದುಕೊಂಡು ಕೋಶಗಳ ನಡುವೆ ಹಾಯಿಸುತ್ತದೆ. ಕಿಂಡಿಯು ಕೆಲವು ಕಾರುಗಳಲ್ಲಿ ಹಿಂದಿನ ಆಸನದ ಪಕ್ಕದಲ್ಲಿರುತ್ತದೆ, ಕೆಲವುಗಳಲ್ಲಿ ಆಸನದ ಕೆಳಗೆ. ಗಾಳಿಯೊಂದಿಗೆ ಧೂಳು, ಬಟ್ಟೆಯ ನವಿರು, ಸಾಕುಪ್ರಾಣಿಗಳ ರೋಮ ಎಲ್ಲವೂ ಬರುತ್ತವೆ. ಅವನ್ನು ತಡೆಯಲೆಂದು ಅನೇಕ ಹೊಸ ಮಾದರಿಗಳ ಕಿಂಡಿಯಲ್ಲಿ ತೆಗೆದು ಶುಚಿಮಾಡಬಹುದಾದ ಜಾಲರಿಯುಂಟು. ಜಾಲರಿ ಮುಚ್ಚಿಹೋದರೆ ಫ್ಯಾನು ಎಷ್ಟು ತಿರುಗಿದರೂ ವ್ಯರ್ಥ. ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಇದೇ ಉತ್ತರ. ಬ್ಯಾಟರಿ ನಮ್ಮಂತೆ ಉಸಿರಾಡುವುದಿಲ್ಲ. ಆದರೆ ಅದರ ಬೇಗೆಯನ್ನು ಹೊತ್ತೊಯ್ಯಲು ಗಾಳಿ ಬೇಕೇಬೇಕು.

ಆರೈಕೆ ಎಂದರೆ ಏನು?

ಮುಂಜಾಗ್ರತೆಯ ಆರೈಕೆಯೆಂದರೆ ದೊಡ್ಡ ವಿದ್ಯೆಯೇನೂ ಅಲ್ಲ. ಅದರಲ್ಲಿ ಬಹುಭಾಗವನ್ನು ಮನೆಯವರೇ ಮಾಡಬಹುದು.

ಮೊದಲನೆಯದಾಗಿ, ಕಾರಿನೊಂದಿಗೆ ಬರುವ ಕೈಪಿಡಿಯನ್ನು ತೆರೆದು ಗಾಳಿಕಿಂಡಿ ಎಲ್ಲಿದೆಯೆಂದು ತಿಳಿದುಕೊಳ್ಳಬೇಕು. ಅದರ ಮೇಲೆ ಚೀಲ, ಟವೆಲು, ಆಸನದ ಹೊದಿಕೆ ಯಾವುದೂ ಬೀಳದಂತೆ ನೋಡಿಕೊಳ್ಳಬೇಕು. ಕಿಂಡಿಯ ಹೊರಮೈಯನ್ನು ಮೆತ್ತನೆಯ ಬ್ರಷ್ಷಿನಿಂದಲೋ ಧೂಳೆಳೆಯುವ ಯಂತ್ರದಿಂದಲೋ ಆಗಾಗ ಶುಚಿಮಾಡಬೇಕು. ನೀರನ್ನು ಮಾತ್ರ ಸರ್ವಥಾ ಹಾಕಬಾರದು.

ಎರಡನೆಯದಾಗಿ, ಸಾಧ್ಯವಿದ್ದಷ್ಟೂ ಕಾರನ್ನು ನೆರಳಿನಲ್ಲಿ ನಿಲ್ಲಿಸಬೇಕು. ಫ್ಯಾನು ಕಾರಿನ ಒಳಗಾಳಿಯನ್ನೇ ಎಳೆದುಕೊಳ್ಳುವುದರಿಂದ ಒಳಗು ತಂಪಾಗಿದ್ದರೆ ಬ್ಯಾಟರಿಯೂ ತಂಪು. ಮೇ ತಿಂಗಳ ಬಿಸಿಲಿನಲ್ಲಿ ಪ್ರಯಾಣಿಕನಿಲ್ಲದ ಕಾರಿನಲ್ಲಿ ತಂಪುಯಂತ್ರವನ್ನು ಪೂರ್ತಿ ಆರಿಸಿ ಓಡುವುದು ಚಾಲಕನಿಗೆ ಉಳಿತಾಯವೆಂದು ತೋರುವುದು. ಬ್ಯಾಟರಿಗೆ ಅದು ಶಿಕ್ಷೆ.

ಮೂರನೆಯದಾಗಿ, ಕಾರನ್ನು ತಿಂಗಳುಗಟ್ಟಲೆ ಸುಮ್ಮನೆ ನಿಲ್ಲಿಸಬಾರದು. ಉಪಯೋಗಿಸದ ಬ್ಯಾಟರಿಯೂ ತಾನಾಗಿಯೇ ಮೆಲ್ಲಮೆಲ್ಲನೆ ಬರಿದಾಗುತ್ತದೆ, ಅದೂ ಎಲ್ಲ ಕೋಶಗಳಲ್ಲಿ ಸಮನಾಗಿ ಅಲ್ಲ. ರಜೆಯಲ್ಲಿ ಊರಿಗೆ ಹೋಗುವವರು ನಡುನಡುವೆ ಕಾರನ್ನು ಸ್ವಲ್ಪ ದೂರ ಓಡಿಸುವ ವ್ಯವಸ್ಥೆಯನ್ನು ಮಾಡಿ ಹೋಗುವುದೊಳ್ಳೆಯದು.

ನಾಲ್ಕನೆಯದಾಗಿ, ಈ ಕಾರಿನಲ್ಲಿ 12 ವೋಲ್ಟಿನ ಇನ್ನೊಂದು ಚಿಕ್ಕ ಬ್ಯಾಟರಿಯಿರುವುದನ್ನು ಮರೆಯಬಾರದು. ಕಾರಿನ ಗಣಕಯಂತ್ರಗಳನ್ನು ಎಬ್ಬಿಸುವುದು ಈ ಚಿಕ್ಕದೇ. ಇದು ಸತ್ತರೆ ದೊಡ್ಡ ಬ್ಯಾಟರಿ ಎಷ್ಟು ಚೆನ್ನಾಗಿದ್ದರೂ ಕಾರು ಹೊರಡದು. ಚಿಕ್ಕದರ ದೋಷವನ್ನು ದೊಡ್ಡದರ ಮೇಲೆ ಹೊರಿಸಿ ಹೆದರುವವರುಂಟು. ಆದುದರಿಂದ ಕಾರು ಹೊರಡದಿದ್ದಾಗ ಮೊದಲು ಇದನ್ನು ಪರೀಕ್ಷಿಸಬೇಕು.

ಐದನೆಯದಾಗಿ, ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷೆ ಮಾಡಿಸಬೇಕು. ಗಣಕಯಂತ್ರಕ್ಕೆ ಉಪಕರಣವನ್ನು ಜೋಡಿಸಿ ಕಟ್ಟುಗಳ ವೋಲ್ಟು, ಉಷ್ಣತೆಗಳನ್ನು ಓದಬಹುದು. ಒಂದು ಕಟ್ಟು ಉಳಿದುವುಗಳಿಂದ ಬೇರೆಯಾಗಿ ನಡೆದುಕೊಳ್ಳತೊಡಗಿದರೆ ರೋಗ ಬಲಿಯುವ ಮೊದಲೇ ತಿಳಿಯುತ್ತದೆ. ಇದಲ್ಲದೆ ಕಾರು ತಾನೇ ಕೆಲವು ಮುನ್ಸೂಚನೆಗಳನ್ನು ಕೊಡುತ್ತದೆ. ಫ್ಯಾನಿನ ಸದ್ದು ಎಂದಿಗಿಂತ ಹೆಚ್ಚಾಗುವುದು, ತುಂಬಿಕೆಯನ್ನು ತೋರುವ ಮುಳ್ಳು ಬೇಗಬೇಗನೆ ಏರಿಳಿಯುವುದು, ಲೀಟರಿಗೆ ಓಡುವ ದೂರ ಕಡಿಮೆಯಾಗುವುದು. ಇವನ್ನು ಕಂಡ ಕೂಡಲೆ ಎಚ್ಚರಗೊಳ್ಳಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಪ್ರಿಯಸ್ ಬ್ಯಾಟರಿಯ 200 ವೋಲ್ಟು ನಮ್ಮ ಮನೆಯ ಗೋಡೆಯ 230 ವೋಲ್ಟಿಗೆ ಹತ್ತಿರದ್ದು, ಪ್ರಾಣವನ್ನು ತೆಗೆಯಬಲ್ಲುದು. ಹೆಚ್ಚು ವೋಲ್ಟಿನ ತಂತಿಗಳಿಗೆ ಕಿತ್ತಳೆ ಬಣ್ಣದ ಹೊದಿಕೆ ಹಾಕಿರುವುದು ಅಲಂಕಾರಕ್ಕಲ್ಲ. ಮಕ್ಕಳಾಗಲಿ ತರಬೇತಿಯಿಲ್ಲದ ದೊಡ್ಡವರಾಗಲಿ ಆ ತಂತಿಗಳನ್ನು ಮುಟ್ಟಕೂಡದು. ಬ್ಯಾಟರಿಯ ಪೆಟ್ಟಿಗೆಯನ್ನು ಬಿಚ್ಚಕೂಡದು. ಮಳೆಗಾಲದಲ್ಲಿ ಕಾರು ನೀರಿನಲ್ಲಿ ಮುಳುಗಿದ್ದರೆ ಅದನ್ನು ಚಾಲೂ ಮಾಡಲು ಹೋಗದೆ ತಿಳಿದವರನ್ನು ಕರೆಯಬೇಕು.

ಖರ್ಚು ಮತ್ತು ಲಾಭ

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಆರೈಕೆಗೆ ಮಾಡುವ ಖರ್ಚು ಮರಳಿ ಬರುತ್ತದೆಯೆ? ಬ್ಯಾಟರಿಯ ಬೆಲೆ ಕಾರಿನಿಂದ ಕಾರಿಗೆ ಬೇರೆ. ಆದುದರಿಂದ ಲೆಕ್ಕದ ಅನುಕೂಲಕ್ಕಾಗಿ ಮಾತ್ರ, ಹೊಸ ಬ್ಯಾಟರಿಗೆ 2,00,000 ರೂಪಾಯಿ ಎಂದಿಟ್ಟುಕೊಳ್ಳಿ. ಯಾವ ಆರೈಕೆಯೂ ಇಲ್ಲದೆ ಅದು 8 ವರ್ಷ ಬಾಳುವುದೆಂದು ಭಾವಿಸಿ. ಆಗ ವರ್ಷಕ್ಕೆ ತಗಲುವ ವೆಚ್ಚ 25,000 ರೂಪಾಯಿ.

ಈಗ ವರ್ಷಕ್ಕೆ 1,000 ರೂಪಾಯಿ ಕೊಟ್ಟು ಶುಚಿ ಮತ್ತು ಪರೀಕ್ಷೆಯನ್ನು ಮಾಡಿಸಿದೆವೆನ್ನೋಣ. ಅದರಿಂದ ಬ್ಯಾಟರಿ 10 ವರ್ಷ ಬಾಳಿತು. ವರ್ಷಕ್ಕೆ ಬ್ಯಾಟರಿಯ ಪಾಲು 20,000, ಆರೈಕೆಯ ಪಾಲು 1,000, ಒಟ್ಟು 21,000. ಅಂದರೆ ವರ್ಷಕ್ಕೆ 4,000 ರೂಪಾಯಿ ಉಳಿಯಿತು. ಹತ್ತು ವರ್ಷ ಬಾಳದಿದ್ದರೆ? ಖರ್ಚು ಮತ್ತು ಲಾಭ ಸಮನಾಗಲು ಬ್ಯಾಟರಿ ಎಷ್ಟು ಕಾಲ ಹೆಚ್ಚಾಗಿ ಬಾಳಬೇಕು? ವರ್ಷದ ಒಟ್ಟು ವೆಚ್ಚ 25,000ವೇ ಆಗಿ, ಅದರಲ್ಲಿ 1,000 ಆರೈಕೆಗೆ ಹೋದರೆ ಬ್ಯಾಟರಿಗೆ ಉಳಿಯುವುದು 24,000. 2,00,000ವನ್ನು 24,000ದಿಂದ ಭಾಗಿಸಿದರೆ 8 ವರ್ಷ 4 ತಿಂಗಳು. ಕೇವಲ ನಾಲ್ಕು ತಿಂಗಳು ಹೆಚ್ಚು ಬಾಳಿದರೂ ಆರೈಕೆಯ ಖರ್ಚು ಪೂರ್ತಿ ಮರಳಿತು; ಐದನೆಯ ತಿಂಗಳಿಂದ ಎಲ್ಲವೂ ಲಾಭ.

ಆದರೆ ಲೆಕ್ಕದ ಇನ್ನೊಂದು ಮುಖವನ್ನೂ ನೋಡಬೇಕು. ಯಾರಾದರೂ ಬಂದು, "ವರ್ಷಕ್ಕೆ 10,000 ರೂಪಾಯಿ ಕೊಡಿ, ಬ್ಯಾಟರಿಯನ್ನು ಬಿಚ್ಚಿ ಪುನಶ್ಚೇತನ ಮಾಡುತ್ತೇವೆ" ಎಂದರೆ? ಆಗ ಬ್ಯಾಟರಿಗೆ ಉಳಿಯುವುದು 15,000 ಮಾತ್ರ. 2,00,000ವನ್ನು 15,000ದಿಂದ ಭಾಗಿಸಿದರೆ 13 ವರ್ಷ 4 ತಿಂಗಳು. ಖರ್ಚು ಹುಟ್ಟುವುದಕ್ಕೇ ಬ್ಯಾಟರಿಯು 5 ವರ್ಷ 4 ತಿಂಗಳು ಹೆಚ್ಚಾಗಿ ಬಾಳಬೇಕು. ಹಾಗೆ ಬಾಳುವುದೆಂದು ಯಾರು ಬರೆದುಕೊಡುವರು? ಕ್ರಮವಾಗಿ ಬರಿದುಮಾಡಿ ತುಂಬುವುದರಿಂದ ಏರುಪೇರಾದ ಕೋಶಗಳು ಸಮನಾಗುವುದುಂಟು. ಸ್ವಲ್ಪ ಶಕ್ತಿ ಮರಳುವುದೂ ಉಂಟು. ಆದರೆ ತೇವವಾರಿ ಸವೆದುಹೋದ ಕೋಶಕ್ಕೆ ಮತ್ತೆ ಯೌವನ ಬರುವುದಿಲ್ಲ. ಕೆಟ್ಟ ಒಂದೇ ಕಟ್ಟನ್ನು ತೆಗೆದು ಬೇರೊಂದನ್ನು ಹಾಕುವ ಉಪಾಯವೂ ಇದೆ. ಅದು ಅಗ್ಗ, ಆದರೆ ನೆರೆಯ ಕಟ್ಟುಗಳೂ ಅದೇ ಬೇಗೆಯಲ್ಲಿ ಬೆಂದವಾದುದರಿಂದ ಕೆಲವು ತಿಂಗಳಲ್ಲಿ ಮತ್ತೊಂದು ಕೆಡುವ ಸಂಭವ ಹೆಚ್ಚು. ಹಳೆಯ ಸೀರೆಗೆ ತೇಪೆ ಹಾಕಿದರೆ ತೇಪೆಯ ಅಂಚಿನಲ್ಲಿಯೇ ಹರಿಯುವುದನ್ನು ನಿಮ್ಮ ತಾಯಂದಿರು ಬಲ್ಲರು.

ಆದುದರಿಂದ ಆರೈಕೆ ಎಂಬ ಹೆಸರಿನಲ್ಲಿ ಮಾರುವುದೆಲ್ಲವೂ ಆರೈಕೆಯಲ್ಲ. ಅಗ್ಗವಾದ ಆರೈಕೆಯನ್ನು ತಪ್ಪದೆ ಮಾಡಬೇಕು. ದುಬಾರಿಯಾದುದನ್ನು ಲೆಕ್ಕಹಾಕಿ ಒಪ್ಪಬೇಕು. ಖಾತರಿಯ ಕಾಗದವನ್ನೂ ಓದಿಕೊಳ್ಳಬೇಕು. ಭಾರತದಲ್ಲಿ ಟೊಯೋಟಾ ಸಂಸ್ಥೆಯು ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರು, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಖಾತರಿಯನ್ನು ಕೊಡುತ್ತದೆ. ಆ ಅವಧಿಯಲ್ಲಿ ಹೊರಗಿನವರಿಂದ ಬಿಚ್ಚಿಸಿದರೆ ಆ ರಕ್ಷಣೆಯೇ ತಪ್ಪಿಹೋಗಬಹುದು. ದಿನವಿಡೀ ಬಾಡಿಗೆಗೆ ಓಡುವ ಕಾರಿಗೆ ಎಂಟು ವರ್ಷಕ್ಕೆ ಬಹು ಮೊದಲೇ ಕಿಲೋಮೀಟರುಗಳು ಮುಗಿಯುತ್ತವೆಂಬುದನ್ನೂ ಮರೆಯಬಾರದು.

ರೂಪಾಯಿಯ ಲೆಕ್ಕಕ್ಕೆ ಸಿಕ್ಕದ ಲಾಭಗಳೂ ಇವೆ. ಬಾಡಿಗೆಯ ಕಾರು ನಿಂತ ದಿನ ಮನೆಯ ಸಂಪಾದನೆಯೂ ನಿಲ್ಲುತ್ತದೆ. ಘಟ್ಟದಲ್ಲಿ ಕಾರು ಕೈಕೊಟ್ಟರೆ ನಂಬಿ ಹತ್ತಿದ ಪ್ರಯಾಣಿಕನ ವಿಶ್ವಾಸ ಹೋಗುತ್ತದೆ. ಬ್ಯಾಟರಿ ಸೋತಷ್ಟೂ ಎಂಜಿನು ಹೆಚ್ಚು ದುಡಿಯಬೇಕಾಗಿ ಪೆಟ್ರೋಲು ಹೆಚ್ಚು ಉರಿಯುತ್ತದೆ. ಗಾಳಿ ಹೆಚ್ಚು ಮಲಿನವಾಗುತ್ತದೆ. ಕಾಲ ತುಂಬುವ ಮುನ್ನ ಬಿಸುಟ ಪ್ರತಿ ಬ್ಯಾಟರಿಗೂ ಬದಲಾಗಿ ಎಲ್ಲಿಯೋ ನೆಲವನ್ನಗೆದು ನಿಕ್ಕಲ್ ಅದಿರನ್ನು ತೆಗೆಯಬೇಕಾಗುತ್ತದೆ.

ಮುಗಿಸುವ ಮುನ್ನ

ಆ ಚಾಲಕ ಬಂಧುಗಳನ್ನು ನಾನು ಪಾಲಕರ ಸಭೆಯಲ್ಲಿ ಮತ್ತೆ ಕಂಡೆ. ಅವರು ಹೇಳಿದ ಮಾತು ನನ್ನ ಕಿವಿಯಲ್ಲಿದೆ: "ದಿನಾ ಕಾರು ತೊಳೀತಿದ್ದೆರಿ ಮಾಸ್ತರ. ಕನ್ನಡಿ ಹಂಗ ಹೊಳೀತಿತ್ತು. ಕಾಣೂದನ್ನಷ್ಟ ತೊಳೆದೆ, ಕಾಣಲಾರದ್ದು ಕೆಟ್ಟಿತು." ಅವರು ಸೋಮಾರಿಯಾಗಿರಲಿಲ್ಲ. ಎಲ್ಲಿ ನೋಡಬೇಕೆಂಬುದನ್ನು ಅವರಿಗೆ ಅವರ ಭಾಷೆಯಲ್ಲಿ ಯಾರೂ ಹೇಳಿರಲಿಲ್ಲ, ಅಷ್ಟೆ. ಕೈಪಿಡಿಯು ಕಾರಿನಲ್ಲಿಯೇ ಇತ್ತು, ಅದು ಇಂಗ್ಲಿಷಿನಲ್ಲಿತ್ತು. ಈಗ ಅವರ ಮಗಳು ಆ ಪುಟವನ್ನು ಓದಿ, ಕನ್ನಡದಲ್ಲಿ ಒಂದು ಚೀಟಿಯನ್ನು ಬರೆದು ಕಾರಿನ ಪೆಟ್ಟಿಗೆಯಲ್ಲಿಟ್ಟಿದ್ದಾಳೆ. ಪ್ರತಿ ತಿಂಗಳ ಮೊದಲ ಭಾನುವಾರ ತಂದೆ ಕಾರನ್ನು ತೊಳೆಯುವಾಗ ಅವಳು ಬ್ರಷ್ಷನ್ನು ಹಿಡಿದು ಗಾಳಿಕಿಂಡಿಯನ್ನು ಶುಚಿಮಾಡುತ್ತಾಳೆ. ಕಾಲೇಜಿನ ಹಣವನ್ನು ಅವರು ಮತ್ತೆ ಕೂಡಿಡುತ್ತಿದ್ದಾರೆ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂದು ನಮ್ಮಲ್ಲಿ ಗಾದೆಯುಂಟು. "ಪ್ರಿಯಸ್" ಎಂಬ ಲ್ಯಾಟಿನ್ ಮಾತಿನ ಅರ್ಥ "ಮೊದಲು" ಎಂದು. ಕಾರಿನ ಹೆಸರೂ ನಮ್ಮ ಗಾದೆಯೂ ನನ್ನ ಅಜ್ಜನ ಕೀಲೆಣ್ಣೆಯ ಕೊಳವೆಯೂ ಹೇಳುವುದು ಒಂದನ್ನೇ: ಮಾಡಬೇಕಾದುದನ್ನು ಮೊದಲೇ ಮಾಡು.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ಕಾರಿರಬಹುದು, ಇಲ್ಲದಿರಬಹುದು. ಹೊಲಿಗೆಯಂತ್ರವೋ ಇನ್ವರ್ಟರೋ ಸೈಕಲ್ಲೋ ಒಂದಾದರೂ ಇದ್ದೀತು. ಈ ಭಾನುವಾರ ಅದರ ಹತ್ತಿರ ಕುಳಿತು, ಕಣ್ಣಿಗೆ ಬೀಳದ ಅದರ ಭಾಗ ಯಾವುದೆಂದು ನೋಡಿರಿ. ಅದರ ಕೈಪಿಡಿಯಲ್ಲಿರುವುದನ್ನು ಮನೆಯ ಹಿರಿಯರಿಗೆ ಕನ್ನಡದಲ್ಲಿ ಓದಿ ಹೇಳಿರಿ. ನೀವು ಕಲಿತ ಎರಡು ಭಾಷೆಗಳಿಂದ ನಿಮ್ಮ ಮನೆಗೆ ಆಗಬಹುದಾದ ಉಪಕಾರಗಳಲ್ಲಿ ಇದೂ ಒಂದು.